ದುಭಾಷಿಯ ಕೂಲಿ

ಒಂದು ದಿನಕ್ಕೆ ಒಂದೂವರೆ ಸಾವಿರ, ಊಟ ಅವರದೇ.
ಮುದಗಾ ಬಂದರಿನ ಹಿಂದೆ ತಗಡಿನ ಶೆಡ್ಡು,
ಒಳಗೆ ಎಪ್ಪತ್ತು ಹೆಂಗಸರು, ಎಪ್ಪತ್ತು ಜೊತೆ ಹೊಸ ಗ್ಲೌಸು,
ಬೆಳಿಗ್ಗೆಯಷ್ಟೇ ಪೊಟ್ಟಣ ಒಡೆದದ್ದು,
ಎಲ್ಲರ ಬೆರಳಿಗಿಂತ ಒಂದು ಗೆಣ್ಣು ಉದ್ದ.

ಬಂದವಳು ಕೆಟ್ಟವಳಲ್ಲ.
ಬಾಗಿಲಲ್ಲೇ ನಮಸ್ಕಾರ ಅಂದಳು,
ಕ್ಲೋರಿನ್ನಿಗೆ ಕಣ್ಣು ಕೆಂಪಾದರೂ ಹೊರಗೆ ಹೋಗಲಿಲ್ಲ.
ಅವಳ ದೇಶಕ್ಕೂ ನಮ್ಮ ದೇಶಕ್ಕೂ ಒಂದು ಒಪ್ಪಂದವಂತೆ,
ಆದರೆ, ಸುಂಕ ಸೊನ್ನೆ.
ಆದರೆ,
(ನಮ್ಮ ಭಾಷೆಯ ಈ ಶಬ್ದಕ್ಕೆ ಎರಡು ಬಾಗಿಲು)
ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಈ ಹೆಂಗಸರಿದ್ದಾರೆ.
ಹೆಸರಿಲ್ಲ. ಶೆಟ್ಲಿಗೆ ಅಲ್ಲಿ ಸಿಗಡಿ ಅಂತ ಹೆಸರು,
ಇವರಿಗೆ ಶ್ರಮಶಕ್ತಿ.

ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ನಿಮಗಿದೆಯೆ?
ಬೇರೆ ಶಬ್ದ ಹೊಳೆಯಲಿಲ್ಲ ನನಗೆ.
ಹೀರಾ ತಾಂಡೇಲ ತಲೆಯೆತ್ತಿದಳು:
"ಚೌಕಾಸಿ ಮಾಡೂದು ಗಿರಾಕಿ ಅಲ್ಲಾ ತಂಗಿ?
ನಾವು ಬೈಯೂದು."
ಸಾಲಿನ ಕೊನೆಯವರೆಗೆ ನಗು ಹರಿಯಿತು.
ತಲೆ ಮುರಿದು ಸಿಪ್ಪೆ ಸುಲಿಯುವ ಕೈ ಮಾತ್ರ ನಿಲ್ಲಲಿಲ್ಲ.
ಏನಂದಳು? ಬಂದವಳು ಕೇಳಿದಳು.
ಇದೆಯಂತೆ, ಅಂದೆ.

ಬೇಕೆಂದಾಗ ಶೌಚಾಲಯಕ್ಕೆ ಹೋಗಬಹುದೆ?
"ಹೋಗೂಕೆ ಯಾರೂ ಬೇಡ ಅನ್ನೂದಿಲ್ಲ,"
ಚಂದ್ರಭಾಗಿ ಹರಿಕಂತ್ರ ಹೇಳಿದಳು,
"ತಿರುಗಿ ಬರೂದ್ರೊಳಗೆ ಪಕ್ಕದವಳ ಬಿಲ್ಲೆ ಎರಡು ಹೆಚ್ಚು.
ಅದ್ಕೇ ನೀರು ಕುಡಿಯೂದಿಲ್ಲ, ಮನೆ ಮುಟ್ಟೂವರೆಗೆ."
ಹೌದು, ಇಲ್ಲ, ಅನ್ವಯಿಸುವುದಿಲ್ಲ:
ಇದ್ದದ್ದು ಮೂರು ಚೌಕ.
ಬಾಯಾರಿಕೆಗೆ ಚೌಕ ಇರಲಿಲ್ಲ.

ಮ್ಯಾನೇಜರ್ ಉಲ್ಲಾಸ ನನ್ನನ್ನು ಐಸ್ ಮಿಷನ್ನಿನ ಬಳಿ ಕರೆದ.
"ಹೋದ ವರ್ಷ ಅಲ್ಲೆಲ್ಲೋ ಸುಂಕ ಏರ್ತು,
ಇಲ್ಲಿ ಎರಡು ತಿಂಗಳು ಬೀಗ.
ಆಗ ಇವರ ಹಕ್ಕು ಕೇಳೂಕೆ ಯಾವ ವಿಮಾನ ಬಂದಿತ್ತು?"
ಬೆದರಿಕೆಯೆ, ದುಃಖವೆ, ಗೊತ್ತಾಗಲಿಲ್ಲ.
ಆ ಎರಡು ತಿಂಗಳಲ್ಲಿ ಹೀರಾಳ ಬುಗುಡಿ
ಸೊಸಾಯಿಟಿಯ ಕಪಾಟು ಸೇರಿದ್ದು ನಿಜ.
ಅವಳೂ ಹಾದುಹೋಗುತ್ತ ಕಿವಿಯಲ್ಲಿ ಅಂದಳು,
ಓಲೆಯಿಲ್ಲದ ಕಿವಿ ನನ್ನ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದು:
"ಖರೇದೇ ಬರಿ ತಂಗಿ.
ಶೆಡ್ಡು ಮುಚ್ಚೂ ಹಂಗೆ ಬರೀಬೇಡ."

ಆಮೇಲೆ ನಾನು ತರ್ಜುಮೆ ಮಾಡಲಿಲ್ಲ, ತೂಗಿದೆ.
ಉಗುರುಸುತ್ತನ್ನು 'ಸಣ್ಣ ತೊಂದರೆ' ಅಂದೆ,
ರಾತ್ರಿ ಎರಡಕ್ಕೆ ಬರುವ ಲಾರಿಯನ್ನು 'ಕೆಲವೊಮ್ಮೆ' ಅಂದೆ,
ಒಬ್ಬ ಹುಡುಗಿಯ ವಯಸ್ಸು ಕೇಳಿದಾಗ
ಹುಡುಗಿ ಸುಮ್ಮನಿದ್ದಳು,
ನಾನು ಹದಿನೆಂಟು ಅಂದೆ.

ಕೊನೆಯ ಪುಟ: ಮಾತಾಡಿದ್ದಕ್ಕೆ ಒಪ್ಪಿಗೆ.
ಚಂದ್ರಭಾಗಿ ಗ್ಲೌಸು ಕಳಚಿ ಹೆಬ್ಬೆರಳು ಒತ್ತಿದಳು.
ಬಿದ್ದದ್ದು ಒಂದು ನೀಲಿ ಬೊಟ್ಟು, ಗೆರೆಯೇ ಇಲ್ಲ.
"ನೌಕಾನೆಲೆಗೆ ಮನೆ ಬಿಟ್ಟುಕೊಡೂವಾಗ
ಇದೇ ಬೆಟ್ಟು ಒತ್ತಿದ್ದೆ. ಆಗ ಶಂಖ, ಚಕ್ರ ಎಲ್ಲಾ ಇತ್ತು.
ಈಗ ರೇಶನ್ ಅಂಗಡಿ ಮಿಷನ್ನೂ
ನಾನು ನಾನಲ್ಲ ಅಂತದೆ."
ಬಂದವಳು ಆ ಬೊಟ್ಟನ್ನು ಬಹಳ ಹೊತ್ತು ನೋಡಿದಳು.
ಇದು ಒಪ್ಪಿಗೆಯೆ? ಕೇಳಿದಳು.
ಇಡೀ ದಿನದಲ್ಲಿ ಅವಳು
ಕಾಗದ ನೋಡದೆ ಕೇಳಿದ ಪ್ರಶ್ನೆ ಅದೊಂದೇ.
ಹೌದು, ಅಂದೆ.

ಸಂಜೆ ಗ್ಲೌಸುಗಳನ್ನು ಎಣಿಸಿ ಡಬ್ಬಕ್ಕೆ ಹಾಕಿದರು.
ನನ್ನ ಲಕೋಟೆ ಸರಿಯಾಗಿತ್ತು.

ರವಿವಾರ ಕಾರವಾರದ ಸಂತೆಯಲ್ಲಿ
ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಒಂದು ಪಾಲು ಶೆಟ್ಲಿಗೆ ಎಷ್ಟು ಅಂದೆ.
ಇನ್ನೂರು. ನೂರೈವತ್ತಕ್ಕೆ ಕೊಡು, ಅಂದೆ.
ಅಂದಮೇಲೆ ನೆನಪಾಯಿತು.
ನೆನಪಾದ ಮೇಲೂ
ನೂರಾ ಅರವತ್ತಕ್ಕಿಂತ ಮೇಲೆ ಹೋಗಲಿಲ್ಲ.