ಏಡಿಯ ಎಂಜಲು

ರಾತ್ರಿಯಿಡೀ ನಾನು ತೆಗೆಯುವುದೂ ಚಿತ್ರವೇ.
ಗೇಟಿನಲ್ಲಿ ಮಾತ್ರ ದೊಡ್ಡ ಬೋರ್ಡು:
ಕ್ಯಾಮೆರಾ ಕಂಡರೆ ಕೆಲಸ ಹೋದೀತು.
ಒಳಗೆ ಪೈಪಿನ ಬೆಸುಗೆಗೆ ಫಿಲಂ ಸುತ್ತಿ,
ಸೀಸದ ಅಂಕಿ ಅಂಟಿಸಿ, ಹಗ್ಗ ಕಟ್ಟಿ, ಜನರನ್ನು ದೂರ ನಿಲ್ಲಿಸಿ
ಇರಿಡಿಯಂ ಅನ್ನು ಮೂರು ನಿಮಿಷ ಹೊರಗೆ ಬಿಟ್ಟು
ಮತ್ತೆ ಗೂಡಿಗೆ ಎಳೆದುಕೊಳ್ಳುವುದು.
ಆಮೇಲೆ ಕತ್ತಲ ಕೋಣೆ. ಆಮೇಲೆ ಬೆಳಕಿನ ಪೆಟ್ಟಿಗೆ.
ಕಪ್ಪು ಚುಕ್ಕೆ ಕಂಡರೆ ಅದು ತೂತು,
ತೂತು ಎಂದರೆ ಹಳದಿ ಪೆನ್ನಿನ ಗೆರೆ,
ಗೆರೆ ಎಂದರೆ ಯಾರಿಗೋ ಬೈಗುಳ.
ಹನ್ನೊಂದು ವರ್ಷ
ಇಷ್ಟೇ ಓದಿದ್ದು ನನ್ನ ಕಣ್ಣು, ಈ ಜುಬೈಲಿನಲ್ಲಿ.

ರೊಡೆಲ್ ಎಕ್ಸಿಟ್ ಹೊಡೆಸಿಕೊಂಡು ಮನಿಲಾಕ್ಕೆ ಹೊರಟ ದಿನ
ಕ್ಯಾಮೆರಾ ನನ್ನ ತಲೆಗೆ ಕಟ್ಟಿದ, ಆರುನೂರು ರಿಯಾಲಿಗೆ.
ಲೆನ್ಸಿನ ಅಂಚಿನಲ್ಲೊಂದು ಗೀರು.
ನನಗೆ ಮೊದಲು ಕಂಡದ್ದು ಅದೇ.

ಶುಕ್ರವಾರ ನಸುಕಿಗೆ, ಪಾಳಿ ಮುಗಿದವನನ್ನು ಹಾಗೆಯೇ
ಅಬ್ಬೋನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋದ,
ಕ್ಯಾಮೆರಾ ಅವನ ಸೀಟಿನ ಕೆಳಗೆ, ಟವೆಲಿನೊಳಗೆ.
ಪೈಪುಗಳ ಕಾಡು ದಾಟಿ, ಉಪ್ಪು ಬಿಳಿಚಿದ ನೆಲ ದಾಟಿ
ಸಮುದ್ರ ಅರ್ಧ ಮೈಲಿ ಹಿಂದೆ ಸರಿದು ಬಿಟ್ಟುಹೋದ
ಒದ್ದೆ ಮರಳು.
ಅದರ ಮೇಲೆ ಉಂಡೆಗಳು.
ಸಾಸಿವೆಗಿಂತ ದೊಡ್ಡವು, ಕಡಲೆಗಿಂತ ಚಿಕ್ಕವು,
ಸಾವಿರ, ಹತ್ತು ಸಾವಿರ, ಎಣಿಕೆ ಬಿಟ್ಟೆ.
ಒಂದೊಂದು ಬಿಲದ ಬಾಯಿಂದಲೂ ಸಾಲಾಗಿ ಹೊರಟು
ನಡುವೆ ಓಡಾಡಲು ಒಂದು ಕಾಲುದಾರಿ ಉಳಿಸಿ
ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿದ್ದವು.

ರಂಗೋಲಿ ಅನ್ನಲೇ? ಅನ್ನಲಾರೆ.
ರಂಗೋಲಿ ಹಾಕಿದವಳು ಎದ್ದು ನಿಂತು ಒಮ್ಮೆ ನೋಡುತ್ತಾಳೆ.
ಇದನ್ನು ಹಾಕಿದ್ದು ಕಿರುಬೆರಳ ಉಗುರಿನಷ್ಟು ಏಡಿ,
ಅದಕ್ಕೆ ನೋಡಲು ಪುರುಸೊತ್ತಿಲ್ಲ.
ಮರಳು ಬಾಯಿಗಿಟ್ಟು, ಸಿಕ್ಕಷ್ಟು ಸಾರ ಹೀರಿ,
ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತದೆ,
ಒಂದು ಹೆಜ್ಜೆ ಅಡ್ಡಕ್ಕೆ,
ಮತ್ತೆ ಬಾಯಿಗೆ.
ಎಂಜಲು.
ಹೊಟ್ಟೆಪಾಡು ಇಷ್ಟು ಅಚ್ಚುಕಟ್ಟಾಗಿರಬಹುದೆಂದು
ಯಾರೂ ನನಗೆ ಹೇಳಿರಲಿಲ್ಲ.

“ಎಂಥ ಉಂಟು ಮಾರಾಯ ಇದರಲ್ಲಿ?”
ಅಬ್ಬೋನು ಚಹಾದ ಫ್ಲಾಸ್ಕು ತಿರುಪುತ್ತ ಕೇಳಿದ.
ನನಗೆ ಉತ್ತರ ಬರಲಿಲ್ಲ.
ಮೊಣಕಾಲೂರಿ ಕೂತೆ. ಹೊತ್ತು ಇನ್ನೂ ಮಾರುದ್ದ ಏರಿರಲಿಲ್ಲ,
ಪ್ರತಿ ಉಂಡೆಗೂ ಅದಕ್ಕಿಂತ ಉದ್ದದ ನೆರಳು.
ಅಭ್ಯಾಸಬಲ, ಮೊದಲು ಹುಡುಕಿದ್ದು ತಪ್ಪನ್ನೇ.
ಸಾಲು ಎಲ್ಲಿ ಬಾಗಿತು, ಎಲ್ಲಿ ತುಂಡಾಯಿತು,
ನಡುವೆ ಆ ಕಪ್ಪು ತೂತು.
ಬೆರಳು ಜೇಬಿನ ಹಳದಿ ಪೆನ್ನಿಗೆ ಹೋದದ್ದು ಸುಳ್ಳಲ್ಲ.
ಆದರೆ ಸಾಲುಗಳೆಲ್ಲ ಹುಟ್ಟಿದ್ದೇ ಅಲ್ಲಿಂದ.
ಅದನ್ನು ಮುಚ್ಚಿದರೆ ಚಿತ್ರವೇ ಇಲ್ಲ.
ತುಂಡಾದ ಸಾಲು, ಹೌದು, ಒಂದಿತ್ತು.
ಅದರ ಮೇಲೆ ನನ್ನ ಸೇಫ್ಟಿ ಬೂಟಿನ ಅಚ್ಚು,
ಒಂಬತ್ತನೇ ನಂಬರು.

ನಲವತ್ತು ಫೋಟೊ ತೆಗೆದೆ. ಮೂವತ್ತೆಂಟು ಮಂಜು ಮಂಜು.
ಒಂದರ ತುಂಬ ನನ್ನದೇ ನೆರಳು.
ಉಳಿದ ಒಂದನ್ನು ತಂಗಿಗೆ ಕಳಿಸಿದೆ.
“ಎಷ್ಟೊಂದು ನಕ್ಷತ್ರ! ಅಲ್ಲಿ ಹೀಗೆ ಕಾಣುತ್ತಾ ಆಕಾಶ?”
ಅಂತ ಬರೆದಳು.
ತಿದ್ದಲಿಲ್ಲ ನಾನು.

ಮರುರಾತ್ರಿ ಬೆಳಕಿನ ಪೆಟ್ಟಿಗೆಯ ಮೇಲೆ
ರಾಮಾಶ್ರಯನ ಬೆಸುಗೆ. ತೂತಿಲ್ಲ, ಬಿರುಕಿಲ್ಲ.
ಪಾಸು ಎಂದು ಬರೆದು ಪಕ್ಕಕ್ಕಿಡಬೇಕು, ಅಷ್ಟೇ.
ಇಟ್ಟೆ. ಮತ್ತೆ ಎತ್ತಿಕೊಂಡೆ.
ಬೂದು ಕತ್ತಲ ನಡುವೆ ಬೆಳ್ಳನೆಯ ಪಟ್ಟಿ,
ಅಲೆಯ ಬೆನ್ನಿಗೆ ಅಲೆ ಹತ್ತಿ ಹೆಪ್ಪುಗಟ್ಟಿದ ಹಾಗೆ
ಒಂದೇ ಉಸಿರಿನಲ್ಲಿ ಎಳೆದದ್ದು.
ಇವನವು ಎಷ್ಟು ಸಾವಿರ ನೋಡಿದ್ದೇನೆ,
ಒಂದನ್ನೂ ಕಂಡಿರಲಿಲ್ಲ.
ಊಟದ ಹೊತ್ತಿಗೆ ಹೇಳೋಣವೆಂದು ಹೋದೆ.
“ರಿಪೇರಿಯಾ?” ಎಂದ, ಮುಖ ಇಳಿಸಿ.
ಅಲ್ಲ ಅಂದೆ. ಮುಂದೆ ಮಾತು ಸಿಗದೆ
ಅವನ ಡಬ್ಬಿಯಿಂದ
ಒಂದು ಹೋಳು ಉಪ್ಪಿನಕಾಯಿ ತೆಗೆದುಕೊಂಡೆ.

ಬುಧವಾರ ಅಬ್ಬೋನುವಿನ ಫೋನು:
“ಇವತ್ತು ಚಂದ್ರ ಹದಿನಾಲ್ಕು.
ನಾಡಿದ್ದು ನೀರು ತುಂಬ ಕೆಳಗೆ ಹೋಗ್ತದೆ.
ನಾಲ್ಕೂವರೆಗೆ ಗೇಟಿನ ಹತ್ತಿರ ಇರ್ತೇನೆ.
ಮತ್ತೆ ನೋಡು,
ಆ ಬೂಟು ಹಾಕ್ಕೊಂಡು ಬರ್ಬೇಡ.”