ಹನ್ನೊಂದು ಸೆಕೆಂಡು

ಪ್ರಮಾಣಪತ್ರದಲ್ಲಿ ನನ್ನ ಹೆಸರು ವೀರಮ್ಮ.
ಬೀರಮ್ಮ ಎಂದು ಅರ್ಜಿಯಲ್ಲಿ ಎರಡು ಸಲ ಬರೆದಿದ್ದೆ;
ತಪ್ಪಿರಬೇಕೆಂದು ಯಾರೋ ತಿದ್ದಿ ಉಪಕಾರ ಮಾಡಿದ್ದಾರೆ.
ಇರಲಿ ಬಿಡು, ಅಂದರು ಬಾಂದೇಕರ ಸರ್,
ಪತ್ರಿಕೋದ್ಯಮ ವಿಭಾಗಕ್ಕೆ ಇದೇ ಮೊದಲು,
ಇಷ್ಟು ವರ್ಷ ಆ ಗಾಜಿನ ಕಪಾಟಿನಲ್ಲಿ
ಬರೀ ಕಬಡ್ಡಿಯವರ ಕಪ್ಪುಗಳು.

ಧಾರವಾಡದ ಸಭಾಂಗಣ. ನಮ್ಮದು ಶ್ರವ್ಯ ಸಾಕ್ಷ್ಯಚಿತ್ರ.
ಚಿತ್ರವೇ ಇಲ್ಲದ್ದಕ್ಕೆ ಚಿತ್ರವೆಂಬ ಹೆಸರು ಯಾಕೆ
ಎಂದು ಅನ್ಸೆಲ್ಮ ಕಿವಿಯಲ್ಲಿ ಕೇಳಿ ನಗಿಸುತ್ತಿದ್ದ.
ತೀರ್ಪುಗಾರರು ಕನ್ನಡಕ ತೆಗೆದು ಹೇಳಿದರು:
"ಹದಿನಾಲ್ಕು ನಿಮಿಷದಲ್ಲಿ ನಮ್ಮನ್ನು ಹಿಡಿದದ್ದು
ಒಂಬತ್ತನೇ ನಿಮಿಷದ ಆ ಹನ್ನೊಂದು ಸೆಕೆಂಡು.
ಮಾತು ನಿಲ್ಲುತ್ತದೆ. ನದಿಯ ಒಡಲಿಂದ
ಏನೋ ಗುಮ್ಮೆನ್ನುತ್ತದೆ. ಈ ವಯಸ್ಸಿಗೆ ಇಂಥ ಸಂಯಮ!"
ಚಪ್ಪಾಳೆ.
ನಾನು ನನ್ನ ಬಲಗೈ ನೋಡಿಕೊಂಡೆ.

ನದಿಯ ಒಡಲಲ್ಲ ಅದು, ನನ್ನ ಅಂಗೈ.

ಕಾಳಿಯಲ್ಲಿ ಇಳಿತದ ಹೊತ್ತು, ಸುಂಕೇರಿ ಸೇತುವೆಯ ಆಚೆ,
ಸೊಂಟಮಟ್ಟದ ನೀರಲ್ಲಿ ಗುಲಾಬಿಬಾಯಿ
ಕಾಲ್ಬೆರಳಿಂದ ಬಳಚು ಹುಡುಕುತ್ತ ಮಾತಾಡುತ್ತಿದ್ದಳು:
ಯಾವ ಕೆಸರಲ್ಲಿ ದಪ್ಪ ಸಿಗುತ್ತದೆ,
ಮೇಲೆ ಅಣೆಕಟ್ಟಿನ ಬಾಗಿಲು ತೆಗೆದರೆ
ಸಿಹಿನೀರು ನುಗ್ಗಿ ಹೇಗೆ ರಾಶಿರಾಶಿ ಸಾಯುತ್ತವೆ,
ಸತ್ತದ್ದು ಬಾಯಿ ಬಿಡುತ್ತದೆ,
ಬದುಕಿದ್ದು ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ.
ನಾನು ಅಂಕೋಲೆ ಕಡೆಯವಳು. ಅವಳ ಕೊಂಕಣಿ
ನನಗೆ ಅರ್ಧ ದಾರಿಯಲ್ಲಿ ಸಿಗುತ್ತಿತ್ತು.
ಪಾತಿದೋಣಿಯ ಅಂಚಿಗೆ ಕೂತು ಮೈಕು ಚಾಚಿದ್ದೆ.

ಆಮೇಲೆ ಏನು ನೆನಪಾಯಿತೋ,
"ರಾವ್ ಗೋ," ಅಂದಳು, "ಅದರ ಬಾಯಿ ಮುಚ್ಚು. ಹೇಳುತ್ತೇನೆ."
ಗುಂಡಿ ಯಾವುದೆಂದು ಗಡಿಬಿಡಿಯಲ್ಲಿ ಹೊಳೆಯದೆ
ಅಂಗೈಯಿಂದಲೇ ಮುಚ್ಚಿದೆ, ಗುಟ್ಟು ಒಡೆಯಲಿರುವ
ತಂಗಿಯ ಬಾಯಿ ಮುಚ್ಚುವ ಹಾಗೆ.
ಹೇಳಿದಳು. ಬಗ್ಗಿ ಇನ್ನೊಂದು ಹಿಡಿ ತೆಗೆದಳು.
"ಹಾಂ, ಈಗ ಬಿಡು."

ಅದನ್ನು ಕತ್ತರಿಸಬೇಕಿತ್ತು.
ಹನ್ನೆರಡಕ್ಕೆ ಗಡುವು, ಲ್ಯಾಬಿನಲ್ಲಿ ಕರೆಂಟು ಹೋಗಿಬಂದು,
ಅನ್ಸೆಲ್ಮನ ಅಪ್ಪ ಕೋಡಿಬಾಗದಿಂದ ಬಂದು
ಗೇಟಿನ ಹೊರಗೆ ಸ್ಕೂಟರಿನ ಹಾರ್ನು ಹಾಕುತ್ತಿದ್ದ.
ಹಾಗೇ ಕಳಿಸಿದೆವು.

ಬಹುಮಾನ ಬಂದ ಮರುವಾರ
ಅನ್ಸೆಲ್ಮ ಹೆಡ್‌ಫೋನು ಒತ್ತಿಕೊಂಡು ಕೂಗಿದ,
"ಬೀರೂ, ಕೇಳುತ್ತದೆ! ಬೆರಳಸಂದಿಯಿಂದ ಸೋರಿದೆ.
ತುಸು ತೊಳೆದರೆ ಸಾಕು, ರಾಷ್ಟ್ರಮಟ್ಟಕ್ಕೇ ಹೋಗುತ್ತದೆ."
ವಯರು ಕಿತ್ತೆ.
ಎರಡು ದಿನ ಮಾತಿಲ್ಲ ನಮ್ಮಲ್ಲಿ.
ಮೂರನೇ ದಿನ ಕ್ಯಾಂಟೀನಿನಲ್ಲಿ ಬಟಾಟೆವಡೆಯ ತಟ್ಟೆ ಪಕ್ಕ
ಪೆನ್‌ಡ್ರೈವು ಇಟ್ಟು, "ಇದೊಂದೇ ಪ್ರತಿ" ಅಂದ.
ನಂಬಿದೆ. ನಂಬದೆ ಇನ್ನೇನು?

ಗಾಜಿನ ಫಲಕ ಕಪಾಟು ಸೇರುವ ಮೊದಲು
ಒಂದು ಮಧ್ಯಾಹ್ನಕ್ಕೆ ಸಾಲ ಕೇಳಿ ತಂದು ತೋರಿಸಿದೆ.
ಗುಲಾಬಿಬಾಯಿ ಅದನ್ನು ಉಗುರಿಂದ ಟಕ್ಕೆನ್ನಿಸಿ
ಕಿವಿಗಿಟ್ಟು ನೋಡಿದಳು, ಬಳಚಿಗೆ ಮಾಡುವ ಹಾಗೆ.
"ಆ ಮಾತು ಇದರಲ್ಲಿಲ್ಲ, ಅಲ್ಲವಾ?"
ಇಲ್ಲ, ಅಂದೆ. ಸುಳ್ಳೇನೂ ಅಲ್ಲ.
ನಿಜವೂ ಅಲ್ಲ.

ಐದು ಸಾವಿರದಲ್ಲಿ ಮೈಕಿನ ಬಾಡಿಗೆ, ಹುಬ್ಬಳ್ಳಿ ಬಸ್ಸು,
ಅನ್ಸೆಲ್ಮನ ಪಾಲು ಕಳೆದು ಉಳಿದದ್ದು ಸಾವಿರದ ನಾನೂರು.
ಅವಳ ಕೈಗಿಟ್ಟೆ. ಎಣಿಸಿದಳು.
"ಇಷ್ಟಕ್ಕೆ ಇವತ್ತಿನ ಬುಟ್ಟಿ ಸಾಲದು, ನಾಳೆಯೂ ಬಾ,"
ಎಂದು ಬುಟ್ಟಿಯನ್ನೇ ಚೀಲಕ್ಕೆ ಸುರಿದಳು.
ಬೇಡ ಅಂದದ್ದು ಅವಳಿಗೆ ಕೊಂಕಣಿಯಲ್ಲಿ ಕೇಳಿಸಲಿಲ್ಲ.

ಕಡವಾಡದ ಬಸ್ಸಿನಲ್ಲಿ ಚೀಲ ತೊಟ್ಟಿಕ್ಕುತ್ತಿತ್ತು.
ಯಾರದಿದು, ಯಾರದು, ಎಂದು ಕಂಡಕ್ಟರು ರೇಗಿದ.
ನನ್ನದೇ, ಅಂದೆ. ಫಲಕ ಮಡಿಲಲ್ಲಿತ್ತು,
ಕಾಲಡಿಯಲ್ಲಿ ಅವು
ಒಂದಕ್ಕೊಂದು ತಾಗಿ ಕಿಟಕಿಟವೆನ್ನುತ್ತ,
ಒಂದೂ ಬಾಯಿ ಬಿಡದೆ.