ಕಾಲಿಗೂ ಬಣ್ಣ ಇದೆಯಾ

ನಮ್ಮೂರು ಕಾನ್ ಥೋದಲ್ಲಿ ಸೀಗಡಿ ಅಂದರೆ ಕಿಲೋ ಲೆಕ್ಕ,
ಹುಣಸೆಹುಳಿಗೆ, ಬಾಣಲೆಗೆ.
ಈ ಪಿಂಗ್‌ಟುಂಗಿನ ಮೂರನೇ ಮಹಡಿಯಲ್ಲಿ
ಒಂದೊಂದಕ್ಕೂ ಬೆಲೆ, ಬಣ್ಣ ನೋಡಿ.

ಹನ್ನೆರಡು ತೊಟ್ಟಿ. ಅತ್ತೆ ಶೂ-ಲ್ವಾನಳದು
ಇಪ್ಪತ್ತು ವರ್ಷ ಬ್ಯಾಡ್ಮಿಂಟನ್ ಕಾರ್ಖಾನೆಯಲ್ಲಿ
ಬಾತುಕೋಳಿ ಗರಿ ಆರಿಸಿದ ಕೈ:
ಎಡರೆಕ್ಕೆಯದು ಎಡಕ್ಕೆ, ಬಲರೆಕ್ಕೆಯದು ಬಲಕ್ಕೆ,
ಸೊಟ್ಟಗಿದ್ದದ್ದು ಬುಟ್ಟಿಗೆ.
ಈಗ ಅದೇ ಕೈಯಲ್ಲಿ ಮೂರು ಬೆರಳಗಲದ ಬಲೆ.
ಕೆಂಪು ಕೆಂಪಿನ ಜೊತೆಗೆ;
ಮಾಸಿದ್ದು ಸಿಂಕಿನ ಕೆಳಗಿನ ಬಕೆಟ್ಟಿಗೆ.

"ಕೈ ಬಿಟ್ಟರೆ ಆರೇ ತಲೆಮಾರು,
ಮತ್ತೆ ಹೊಳೆಯ ಕೆಸರಿನ ಬಣ್ಣ,"
ಅನ್ನುತ್ತಿದ್ದಳು, ಬಿಟ್ಟವಳು ನಾನೇ ಎಂಬಂತೆ.

ಪೊರೆ ಬಂತು. ಅವಳ ಕಣ್ಣು ನಾನಾದೆ.
"ಬೆನ್ನು?" ತುಂಬಿದೆ.
"ತಲೆ?" ತುಂಬಿದೆ.
"ಕಾಲಿಗೂ ಬಣ್ಣ ಇದೆಯಾ?"

ಇಲ್ಲ. ಗಾಜಿನ ಕಾಲು. ಪಕ್ಕೆಯಲ್ಲೊಂದು ಕಿಟಕಿ,
ಅದರೊಳಗೆ ಸಾಸಿವೆಗಿಂತ ಸಣ್ಣ ಗುಂಡಿಗೆ
ಎಣಿಸಲು ಬಿಡದಷ್ಟು ಅವಸರದಲ್ಲಿ;
ಕತ್ತಿನ ಹಿಂದೆ ಇನ್ನೂ ಇಳಿಯದ ಮೊಟ್ಟೆಗಳ ಹಳದಿ ಜೀನು.
ಮೇಲು ದರ್ಜೆ ಅಂದರೆ ಇಷ್ಟೇ:
ಒಳಗೇನಿದೆ ಎಂದು ಯಾರಿಗೂ ಕಾಣಬಾರದು.

"ಇದೆ ಅತ್ತೆ," ಅಂದೆ.

ಸೈಗಾನಿನ ಹೋಟೆಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ,
ಹದಿನಾಲ್ಕು ಹುಡುಗಿಯರು ನಿಂತಿದ್ದೆವು.
ದಲ್ಲಾಳಿ ಹೆಂಗಸು ತಿರುಗು ಅಂದಳು, ತಿರುಗಿದೆ.
ಹಲ್ಲು ತೋರಿಸು ಅಂದಳು.
ಪೌಡರು ಅವಳದೇ, ಹುಬ್ಬು ಮುಚ್ಚುವಷ್ಟು.

ಎರಡು ವರ್ಷ ಇದೆ, ಇದೆ ಅನ್ನುತ್ತ ಬಂದೆ.
ಕಾವೋಶುಂಗಿನ ವ್ಯಾಪಾರಿ ಟಾರ್ಚು ಬಿಟ್ಟು ನೋಡಿ ಲೊಚಗುಟ್ಟಿ
ಅರ್ಧಕ್ಕೆ ಇಳಿಸಿದ.
ನೀರಿನ ತಪ್ಪು ಅಂದೆ. ಸೆಕೆಯ ತಪ್ಪು.

ಮೇ ತಿಂಗಳಲ್ಲಿ ಆಪರೇಷನ್. ಪಟ್ಟಿ ಬಿಚ್ಚಿದ ದಿನ
ಊಟಕ್ಕೂ ಏಳದೆ ತೊಟ್ಟಿಗಳ ಮುಂದೆ ಕೂತಳು.
ನಾನು ಅಕ್ಕಿ ತೊಳೆದೆ. ತೊಳೆದದ್ದನ್ನೇ ತೊಳೆದೆ.
ಮೊದಲನೆಯದು, ಐದನೆಯದು, ಒಂಬತ್ತು.
ಬಲೆ ನೀರಿಗಿಳಿಯಿತು.
ಮೇಲೆ ಬಂತು, ಖಾಲಿ.

ಬಹಳ ಹೊತ್ತಾದ ಮೇಲೆ ಎದ್ದು ಬಂದು
ಗಾಜಿಗೆ ಹಿಡಿದಷ್ಟೇ ಹತ್ತಿರ
ನನ್ನ ಮುಖಕ್ಕೆ ಮುಖ ಹಿಡಿದಳು:
"ಡಿಯೆಪ್, ಹುಬ್ಬಿನ ಮೇಲಿನ ಈ ಕಲೆ ಯಾವಾಗಿನದು?"

ಬರುವಾಗಲೇ ಇತ್ತು ಅತ್ತೆ.
ಹನ್ನೊಂದು ವರ್ಷ.